ಗ್ರಂಥ, ರೂಢಿ ಮತ್ತು ತೀರ್ಪು: ಬ್ರಿಟಿಷ್ ನ್ಯಾಯಾಲಯಗಳಲ್ಲಿ ಜೈನರ ದಾಯಹಕ್ಕು

1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಭಾರತದ ಜೈನರಿಗೆ ಸಂಬಂಧಿಸಿದ ಎರಡು ಮೇಲ್ಮನವಿಗಳನ್ನು ತೀರ್ಮಾನಿಸಿತು. ಎರಡರ ಮೂಲದಲ್ಲಿಯೂ ಇದ್ದುದು ಒಂದೇ ಬಗೆಯ ಪ್ರಶ್ನೆ: ಹೆಣ್ಣಿನ ಕೈಗೆ ಬಂದ ಆಸ್ತಿಯ ಮೇಲೆ ಆಕೆಗಿರುವ ಅಧಿಕಾರ ಎಷ್ಟು? ಶಿವಸಿಂಗ್ ರಾಯ್ ಮತ್ತು ದಾಖೋ ಎಂಬ ವಿಧವೆಯ ನಡುವಣ ಮೊಕದ್ದಮೆಯಲ್ಲಿ ನ್ಯಾಯಪೀಠವು ವಿಧವೆಯ ಪೂರ್ಣಾಧಿಕಾರವನ್ನು ಮಾನ್ಯಮಾಡಿತು. ಛೋಟೇಲಾಲ್ ಮತ್ತು ಚುನ್ನೂಲಾಲ್ ಎಂಬವರ ನಡುವಣ ಮೊಕದ್ದಮೆಯಲ್ಲಿ, ತಂದೆಯಿಂದ ಮಗಳಿಗೆ ಬಂದ ಆಸ್ತಿಯಲ್ಲಿ ಆಕೆಗೆ ಇರುವುದು ಪರಿಮಿತವಾದ ಹಕ್ಕು ಮಾತ್ರವೆಂದೂ, ಆಕೆಯ ಕಾಲಾನಂತರ ಅದು ತಂದೆಯ ವಾರಸುದಾರರಿಗೆ ಹೋಗತಕ್ಕದ್ದೆಂದೂ ಹೇಳಿತು. ಒಂದೇ ಸಮುದಾಯ, ಒಂದೇ ವರ್ಷ, ಒಂದೇ ನ್ಯಾಯಪೀಠ. ಫಲಿತಾಂಶ ಮಾತ್ರ ಪರಸ್ಪರ ವಿರುದ್ಧ. ಮೇಲ್ನೋಟಕ್ಕೆ ಇದು ನ್ಯಾಯಪೀಠದ ಚಾಂಚಲ್ಯವೆಂದು ತೋರಬಹುದು. ವಾಸ್ತವವಾಗಿ ಎರಡೂ ತೀರ್ಪುಗಳು ಒಂದೇ ತತ್ತ್ವದಿಂದ ಹುಟ್ಟಿದವು. ಆ ತತ್ತ್ವ ಹೇಗೆ ರೂಪುಗೊಂಡಿತು, ಅದು ಜೈನ ಸಮಾಜದ ಮೇಲೆ ಯಾವ ಪರಿಣಾಮವನ್ನುಂಟುಮಾಡಿತು ಎಂಬುದನ್ನು ತಿಳಿಯಬೇಕಾದರೆ ಬ್ರಿಟಿಷರ ನ್ಯಾಯಾಂಗ ಸುಧಾರಣೆಯ ಚರಿತ್ರೆಯನ್ನು ಒಂದು ಶತಮಾನದಷ್ಟು ಹಿಂದಿನಿಂದ ನೋಡಬೇಕಾಗುತ್ತದೆ.

ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಬಂಗಾಳ ಪ್ರಾಂತಕ್ಕೆ ರೂಪಿಸಿದ ನ್ಯಾಯಾಡಳಿತ ಯೋಜನೆಯಲ್ಲಿ ಒಂದು ಮುಖ್ಯ ನಿಯಮವಿತ್ತು. ದಾಯಭಾಗ, ವಿವಾಹ, ಜಾತಿ ಮತ್ತು ಧಾರ್ಮಿಕ ಆಚರಣೆಗಳಿಗೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ಮುಸಲ್ಮಾನರಿಗೆ ಕುರಾನಿನ ಕಾನೂನನ್ನೂ ಹಿಂದೂಗಳಿಗೆ ಶಾಸ್ತ್ರದ ಕಾನೂನನ್ನೂ ಅನ್ವಯಿಸಬೇಕು ಎಂಬುದು ಆ ನಿಯಮ. ಆಳಿಸಿಕೊಳ್ಳುವವರ ಕಾನೂನನ್ನು ಕಿತ್ತುಹಾಕದೆ ಉಳಿಸುವ ಉದಾರ ಉದ್ದೇಶ ಇದರ ಹಿಂದೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಇದರಲ್ಲಿ ಎರಡು ಗ್ರಹಿಕೆಗಳು ಅಡಗಿದ್ದವು. ಮೊದಲನೆಯದು, ಭಾರತದ ಜನರು ಎರಡೇ ಧರ್ಮಗಳಿಗೆ ಸೇರಿದವರೆಂಬುದು. ಎರಡನೆಯದು, ಧರ್ಮವಿದ್ದಲ್ಲಿ ಅದರ ಕಾನೂನು ಗ್ರಂಥರೂಪದಲ್ಲಿ ಇದ್ದೇ ಇರುತ್ತದೆಂಬುದು. ಈ ಎರಡು ಮನೆಗಳ ವ್ಯವಸ್ಥೆಯಲ್ಲಿ ಜೈನರಿಗೆ ಸ್ವಂತದ ಬಾಗಿಲಿರಲಿಲ್ಲ. ಅವರು ಮುಸಲ್ಮಾನರಲ್ಲವಾದ್ದರಿಂದ ಶಾಸ್ತ್ರದ ಮನೆಯೊಳಗೆ ಸೇರಿದರು. ಸೇರಿದ್ದು ಯಾರ ನಿರ್ಣಯದಿಂದಲೂ ಅಲ್ಲ, ವರ್ಗೀಕರಣದ ಅನಿವಾರ್ಯತೆಯಿಂದ.

ಶಾಸ್ತ್ರವೆಂದರೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಹೇಳಲು ಅದಾಲತ್ತುಗಳಲ್ಲಿ ಪಂಡಿತರನ್ನೂ ಮೌಲ್ವಿಗಳನ್ನೂ ನೇಮಿಸಲಾಯಿತು. ನ್ಯಾಯಾಧೀಶ ಪ್ರಶ್ನೆ ಕೇಳುವನು, ಪಂಡಿತರು ಆಧಾರಶ್ಲೋಕಗಳೊಂದಿಗೆ ವ್ಯವಸ್ಥಾಪತ್ರ ಬರೆದುಕೊಡುವರು. ಪಂಡಿತರ ಮಾತನ್ನೇ ಅವಲಂಬಿಸುವುದು ಇಂಗ್ಲಿಷ್ ನ್ಯಾಯಾಧೀಶರಿಗೆ ಬಹುಕಾಲ ಸಮಾಧಾನ ಕೊಡಲಿಲ್ಲ. ಮೂಲಗ್ರಂಥಗಳೇ ಇಂಗ್ಲಿಷಿನಲ್ಲಿ ದೊರೆಯಬೇಕೆಂಬ ಹಂಬಲದಿಂದ ಅನುವಾದಗಳು ಬಂದವು. ಅವುಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನ ನ್ಯಾಯಾಧೀಶನಾಗಿದ್ದ ಎಚ್.ಟಿ. ಕೋಲ್‌ಬ್ರುಕ್ 1810ರಲ್ಲಿ ಪ್ರಕಟಿಸಿದ ದಾಯಭಾಗ ಮತ್ತು ಮಿತಾಕ್ಷರಾ ಗ್ರಂಥಗಳ ಅನುವಾದ. ಬಂಗಾಳದ ಹೊರಗಿನ ಬಹುಭಾಗಕ್ಕೆ ಮಿತಾಕ್ಷರವೇ ಪ್ರಮಾಣಗ್ರಂಥವೆಂದು ಆ ಬಳಿಕ ಸ್ಥಿರವಾಯಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಸಂಗತಿ ಗಮನಾರ್ಹವಾದುದು. ಮಿತಾಕ್ಷರಾ ರಚನೆಯಾದದ್ದು ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದ ಕಾಲದಲ್ಲಿ ಅದೇ ಸಾಮ್ರಾಜ್ಯದ ಊರೂರುಗಳಲ್ಲಿ ಬಸದಿಗಳಿದ್ದವು, ಜೈನ ಸೆಟ್ಟಿಗಳೂ ಗಾವುಂಡರೂ ದಂಡನಾಯಕರೂ ಇದ್ದರು. ಒಂದು ರಾಜ್ಯದೊಳಗೆ ಅಕ್ಕಪಕ್ಕದಲ್ಲಿ ಬಾಳಿದ ಎರಡು ಸಂಪ್ರದಾಯಗಳಲ್ಲಿ ಒಂದರ ಗ್ರಂಥವು ಏಳು ಶತಮಾನಗಳ ತರುವಾಯ ಕಲ್ಕತ್ತೆಯ ಮುದ್ರಣದ ಮೂಲಕ ಇನ್ನೊಂದರ ಕಾನೂನಾಗಿ ಪರಿಣಮಿಸಿತು.

ಜೈನರ ವಿಷಯದಲ್ಲಿ ಬ್ರಿಟಿಷ್ ವಿದ್ವಾಂಸರ ತಿಳಿವಳಿಕೆಗೆ ತಳಹದಿ ಬಿದ್ದದ್ದೂ ಕರ್ನಾಟಕದಿಂದಲೇ. 1807ರ 'ಏಷ್ಯಾಟಿಕ್ ರಿಸರ್ಚಸ್' ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತ ಬರೆಹಗಳು ಒಟ್ಟಾಗಿ ಪ್ರಕಟವಾದವು. ಕರ್ನಲ್ ಮೆಕೆಂಜಿ ಅವರಿಗಾಗಿ ಕಾವಲಿ ಬೊರಯ್ಯನು ಜೈನ ಪುರೋಹಿತರೊಬ್ಬರಿಂದ ಸಂಗ್ರಹಿಸಿ ಅನುವಾದಿಸಿದ ವಿವರಗಳು ಒಂದು ಕಡೆ. ಕೆನರಾ ಸೀಮೆಯಲ್ಲಿ ಪ್ರವಾಸ ಮಾಡಿದ ಬುಕನನ್‌ನ ದಿನಚರಿಯ ಭಾಗಗಳು ಇನ್ನೊಂದು ಕಡೆ. ಇವುಗಳೊಂದಿಗೆ ಕೋಲ್‌ಬ್ರುಕ್ ತನ್ನ ಅವಲೋಕನಗಳನ್ನು ಸೇರಿಸಿದನು. ಜೈನರು ಕೆಲವು ಮುಖ್ಯ ಸಿದ್ಧಾಂತಗಳಲ್ಲಿ ಭಿನ್ನರಾದರೂ ಉಳಿದ ಆಚಾರಗಳಲ್ಲಿ ಸಮಾನರಾದ ಹಿಂದೂಗಳ ಒಂದು ಪಂಗಡವೆಂದು ಆತನು ಕಂಡನು. ಮಿತಾಕ್ಷರವನ್ನು ನ್ಯಾಯಾಲಯಗಳ ಕೈಗಿತ್ತವನೂ ಜೈನರನ್ನು ಹಿಂದೂಗಳ ಪಂಗಡವೆಂದು ಕರೆದವನೂ ಒಬ್ಬನೇ ಆದುದು ಮುಂದಿನ ಕಾನೂನು ಚರಿತ್ರೆಯ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿತು. 1841ರಲ್ಲಿ ಬಂದ ಎಲ್ಫಿನ್‌ಸ್ಟನ್‌ನ ಭಾರತದ ಇತಿಹಾಸವು ಜೈನಮತದ ಉಗಮವನ್ನು ಕ್ರಿಸ್ತಶಕದ ಆರು-ಏಳನೆಯ ಶತಮಾನಕ್ಕೆ ತಂದು ನಿಲ್ಲಿಸಿತು. ಮತವೇ ಈಚಿನದಾದರೆ ಅದರ ಕಾನೂನು ಪ್ರಾಚೀನವಾಗಲು ಹೇಗೆ ಸಾಧ್ಯ?

ಆದರೂ ಹಳೆಯ ಅದಾಲತ್ತುಗಳ ಕಾಲದಲ್ಲಿ ಕೆಲಮಟ್ಟಿನ ಸಡಿಲಿಕೆ ಇತ್ತು. 1833ರಲ್ಲಿ ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತು ಮಕ್ಕಳಿಲ್ಲದ ಜೈನ ವಿಧವೆಯು ತನ್ನ ಪತಿಗಿದ್ದ ಅಧಿಕಾರದಂತೆಯೇ ದತ್ತಕ ತೆಗೆದುಕೊಳ್ಳಬಹುದೆಂದು ಅಂಗೀಕರಿಸಿತು. ವಿಷಯ ಬಲ್ಲವರನ್ನು ಕರೆದು ಕೇಳುವ ಪದ್ಧತಿಯಲ್ಲಿ, ಎಷ್ಟೇ ದೋಷಗಳಿದ್ದರೂ, ಮುದ್ರಿತ ಗ್ರಂಥದಲ್ಲಿ ಇಲ್ಲದ ಸಂಪ್ರದಾಯಕ್ಕೂ ಮಾತಾಡುವ ಅವಕಾಶ ಇತ್ತೆಂಬುದನ್ನು ಈ ನಿರ್ಣಯ ಸೂಚಿಸುತ್ತದೆ.

ಆ ಅವಕಾಶವನ್ನು ಕಿರಿದುಗೊಳಿಸಿದ್ದು ಸುಧಾರಣೆಯೇ. 1857ರ ಬಳಿಕದ ಏಳೆಂಟು ವರ್ಷಗಳಲ್ಲಿ ಭಾರತದ ನ್ಯಾಯವ್ಯವಸ್ಥೆಯು ಹೊಸ ರೂಪ ತಳೆಯಿತು. 1859ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ, 1860ರಲ್ಲಿ ದಂಡಸಂಹಿತೆ, 1861ರಲ್ಲಿ ಹೈಕೋರ್ಟುಗಳ ಕಾಯಿದೆ, 1862ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದ್ರಾಸುಗಳಲ್ಲಿ ಹೈಕೋರ್ಟುಗಳು ಬಂದವು. ಕಂಪನಿಯ ಅದಾಲತ್ತುಗಳು ಮತ್ತು ರಾಜನ ಸುಪ್ರೀಂ ಕೋರ್ಟುಗಳು ಎಂಬ ಎರಡು ಸಾಲಿನ ನ್ಯಾಯಾಲಯಗಳು ಒಂದಾದವು. 1864ರಲ್ಲಿ ನ್ಯಾಯಾಲಯದ ಪಂಡಿತ ಮತ್ತು ಮೌಲ್ವಿ ಹುದ್ದೆಗಳು ರದ್ದಾದವು. ಪಂಡಿತರಿಂದ ಪಂಡಿತರಿಗೆ ಬದಲಾಗುವ ಅಭಿಪ್ರಾಯದ ಬದಲು ನಿಶ್ಚಿತವಾದ ಪೂರ್ವನಿರ್ಣಯಗಳು, ಒಂದೇ ಬಗೆಯ ಕಾರ್ಯವಿಧಾನ, ಅಚ್ಚಾದ ತೀರ್ಪುಗಳ ವರದಿಗಳು ದೊರೆತವು. ಕಕ್ಷಿಗಾರರಿಗೆ ಇದರಿಂದ ಲಾಭವಾಗಲಿಲ್ಲವೆಂದು ಹೇಳಲಾಗದು. ಆದರೆ ಒಮ್ಮೆ ಅಚ್ಚಾದ ತೀರ್ಪು ಮುಂದಿನ ನ್ಯಾಯಾಧೀಶನ ಕೈಕಟ್ಟುವುದೂ ಈ ವ್ಯವಸ್ಥೆಯ ಗುಣವೇ. ಮೊದಲ ಮೊಕದ್ದಮೆಯಲ್ಲಿ ಪುರಾವೆ ಒದಗಿಸಲಾಗದವರು ತಮ್ಮ ಸೋಲನ್ನು ತಮ್ಮ ನಂತರ ಬರುವವರಿಗೂ ಬಿಟ್ಟುಹೋಗುತ್ತಿದ್ದರು.

ಹೀಗಿದ್ದರೂ ರೂಢಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೊಂಬಾಯಿ ಪ್ರಾಂತದಲ್ಲಿ 1827ರ ರೆಗ್ಯುಲೇಶನ್ನೇ ದೇಶದ ರೂಢಿಗೆ ಪ್ರತಿವಾದಿಯ ಕಾನೂನಿಗಿಂತ ಮುಂಚಿನ ಸ್ಥಾನ ಕೊಟ್ಟಿತ್ತು. 1868ರಲ್ಲಿ ರಾಮನಾಡು ಜಮೀನುದಾರಿಯ ದತ್ತಕ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್, ಹಿಂದೂ ಕಾನೂನಿನಲ್ಲಿ ಸ್ಪಷ್ಟವಾಗಿ ಸಿದ್ಧಪಡಿಸಿದ ರೂಢಿಯು ಬರೆದ ಶಾಸ್ತ್ರವಚನವನ್ನೂ ಮೀರುತ್ತದೆಂದು ಸಾರಿತು. ಸಮಸ್ಯೆ ಇದ್ದದ್ದು 'ಸ್ಪಷ್ಟವಾಗಿ ಸಿದ್ಧಪಡಿಸಿದ' ಎಂಬ ವಿಶೇಷಣದಲ್ಲಿ. 1873ರ ಭಗವಾನ್‌ದಾಸ್ ತೇಜಮಲ್ ಮೊಕದ್ದಮೆಯಲ್ಲಿ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ವೆಸ್ಟ್ರಾಪ್ ಅವರು ಆ ಪ್ರಾಂತದಲ್ಲಿ ಜೈನರಿಗೆ ಅದುವರೆಗೆ ಸಾಮಾನ್ಯ ಹಿಂದೂ ಕಾನೂನನ್ನಲ್ಲದೆ ಬೇರೇನನ್ನೂ ಅನ್ವಯಿಸಿಲ್ಲವೆಂದು ಹೇಳಿ, ಬೇರೆ ರೂಢಿಯುಂಟೆನ್ನುವವರ ಮೇಲೆಯೇ ಅದನ್ನು ಸಾಬೀತುಮಾಡುವ ಹೊಣೆ ಹೊರಿಸಿದರು.

ಆರಂಭದಲ್ಲಿ ಉಲ್ಲೇಖಿಸಿದ 1878ರ ಎರಡು ತೀರ್ಪುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದಾಖೋ ಎಂಬಾಕೆ ಸರಾವಗಿ ಅಗರವಾಲ ಜೈನರಿಗೆ ಸೇರಿದವಳು. ದೆಹಲಿ ಮತ್ತು ವಾಯವ್ಯ ಪ್ರಾಂತಗಳ ಇತರ ಪಟ್ಟಣಗಳ ಆ ಪಂಗಡದ ರೂಢಿಯ ಬಗ್ಗೆ ಸಾಕ್ಷ್ಯವನ್ನು ಸಂಗ್ರಹಿಸಲಾಗಿತ್ತು. ಅದನ್ನು ಪರಿಶೀಲಿಸಿ ನ್ಯಾಯಪೀಠವು ಮೂರು ಸಂಗತಿಗಳನ್ನು ಮಾನ್ಯಮಾಡಿತು. ಪುತ್ರಹೀನ ವಿಧವೆಗೆ ಪತಿಯ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕುಂಟು. ಪತಿಯ ಅನುಜ್ಞೆಯಾಗಲಿ ಆತನ ಜ್ಞಾತಿಗಳ ಸಮ್ಮತಿಯಾಗಲಿ ಇಲ್ಲದೆ ಆಕೆ ದತ್ತಕ ತೆಗೆದುಕೊಳ್ಳಬಲ್ಲಳು. ಮಗಳ ಮಗನನ್ನೂ ದತ್ತಕ ತೆಗೆದುಕೊಳ್ಳಬಹುದು. ಅಂದಿನ ಸಾಮಾನ್ಯ ಹಿಂದೂ ಕಾನೂನಿನ ದೃಷ್ಟಿಯಲ್ಲಿ ಈ ಮೂರೂ ದೊಡ್ಡ ವಿನಾಯಿತಿಗಳು. ಅಲ್ಲಿ ವಿಧವೆಗೆ ಇದ್ದದ್ದು ಜೀವಿತಾವಧಿಯ ಪರಿಮಿತ ಹಕ್ಕು. ದತ್ತಕಕ್ಕೆ ಪತಿಯ ಅಥವಾ ಸಪಿಂಡರ ಒಪ್ಪಿಗೆ ಬೇಕಾಗುತ್ತಿತ್ತು.

ಈ ಭೇದದ ಬೇರು ಇರುವುದು ಸಿದ್ಧಾಂತದಲ್ಲಿ. ವೈದಿಕ ಪರಂಪರೆಯಲ್ಲಿ ಪುತ್ರನು ಪಿಂಡಪ್ರದಾನದ ಅಧಿಕಾರಿ. ತಂದೆಯ ಪರಲೋಕದ ಗತಿ ಆತನ ಕೈಯಲ್ಲಿದೆ. ದಾಯಹಕ್ಕೂ ಪಿಂಡಸಂಬಂಧವೂ ಅಲ್ಲಿ ಹೆಣೆದುಕೊಂಡಿವೆ. ಪತಿಗಾಗಿ ಪುತ್ರನನ್ನು ತರುವಾಗ ಪತಿಯ ಅನುಜ್ಞೆ ಬೇಕೆನ್ನುವುದು ಆ ತರ್ಕಕ್ಕೆ ಸಹಜ. ಜೈನದರ್ಶನದಲ್ಲಿ ಜೀವವು ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣಬೇಕು, ತಾನೇ ಕಳೆದುಕೊಳ್ಳಬೇಕು. ಸತ್ತವನ ಗತಿಯನ್ನು ಮಗನ ಶ್ರಾದ್ಧ ಬದಲಿಸಲಾರದು. ಆದ್ದರಿಂದ ಜೈನರಲ್ಲಿ ದತ್ತಕವು ಪಾರಲೌಕಿಕ ಪ್ರಯೋಜನವಿಲ್ಲದ ಲೌಕಿಕ ವ್ಯವಹಾರ: ಮನೆ ನಡೆಯಬೇಕು, ಆಸ್ತಿಗೆ ನೆಲೆ ಬೇಕು, ವಯಸ್ಸಾದ ಹೆಣ್ಣಿಗೆ ಆಸರೆ ಬೇಕು. ಇಷ್ಟಕ್ಕೆ ತೀರಿಹೋದ ಗಂಡನ ಅಪ್ಪಣೆ ಏಕೆ ಬೇಕು?

ಛೋಟೇಲಾಲ್ ಮೊಕದ್ದಮೆಯಲ್ಲಿಯೂ ಕಕ್ಷಿಗಾರರು ಜೈನರೇ, ಅವರ ಸಿದ್ಧಾಂತವೂ ಇದೇ. ಆದರೆ ಅಲ್ಲಿ ವಿಶೇಷ ರೂಢಿಯ ಪುರಾವೆ ಇರಲಿಲ್ಲ. ಜೈನರ ರೂಢಿಯನ್ನು ಆಧಾರವಾಗಿ ಹೇಳುವವರು ಸಾಮಾನ್ಯ ಕಾನೂನಿಗೆ ಭಿನ್ನವಾದ ಬೇರೆಲ್ಲ ರೂಢಿಗಳಂತೆ ಅದನ್ನೂ ಸಾಕ್ಷ್ಯದಿಂದ ಸಿದ್ಧಪಡಿಸಬೇಕು, ಇಲ್ಲವಾದಲ್ಲಿ ಸಾಮಾನ್ಯ ಕಾನೂನೇ ಪ್ರವರ್ತಿಸುತ್ತದೆ ಎಂದು ನ್ಯಾಯಪೀಠ ಹೇಳಿತು. ಸಾಮಾನ್ಯ ಕಾನೂನೆಂದರೆ ಮಿತಾಕ್ಷರಾ. ಹೀಗೆ ಒಬ್ಬ ಹೆಣ್ಣು ಗೆದ್ದದ್ದೂ ಇನ್ನೊಬ್ಬಳ ಹಕ್ಕು ಕುಗ್ಗಿದ್ದೂ ಧರ್ಮದಿಂದಲ್ಲ, ಕಡತದೊಳಗಿನ ಸಾಕ್ಷ್ಯದಿಂದ. ಊರೂರಿನ ಸಾಕ್ಷಿಗಳ ಹೇಳಿಕೆ ಪಡೆದು, ಹಳೆಯ ನಿದರ್ಶನಗಳನ್ನು ಹುಡುಕಿ, ಮೇಲ್ಮನವಿಯನ್ನು ಸಮುದ್ರದಾಚೆಯವರೆಗೆ ಒಯ್ಯುವ ಹಣಬಲ ಎಷ್ಟು ವಿಧವೆಯರಿಗಿತ್ತು? ತಮ್ಮ ಮನೆಗಳಲ್ಲಿ ನಿರಾತಂಕವಾಗಿ ನಡೆದುಬಂದುದನ್ನು, ದಾಯಾದಿಯೊಬ್ಬ ಪ್ರಶ್ನಿಸಿದೊಡನೆ, ಅಪವಾದವೆಂದು ಒಪ್ಪಿಕೊಂಡು ಸಾಬೀತುಮಾಡುವ ಹೊರೆ ಅವರ ಮೇಲೆ ಬಿತ್ತು.

ಜೈನರು ತಮ್ಮ ನೀತಿಗ್ರಂಥಗಳನ್ನೇ ನ್ಯಾಯಾಲಯದ ಮುಂದಿಡಬಹುದಿತ್ತಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಭದ್ರಬಾಹು ಸಂಹಿತೆ, ಹೇಮಚಂದ್ರರ ಹೆಸರಿನ ಅರ್ಹನ್ನೀತಿ, ವರ್ಧಮಾನನೀತಿ, ಇಂದ್ರನಂದಿಯ ಜಿನಸಂಹಿತೆ, ತ್ರಿವರ್ಣಾಚಾರ ಮೊದಲಾದ ಕೃತಿಗಳು ಹಸ್ತಪ್ರತಿಗಳಲ್ಲಿ ಇದ್ದವು. ಆದರೆ ಶಾಸ್ತ್ರವನ್ನು ಅನ್ಯರ ಕೈಗೆ ಕೊಡುವುದು, ಅಚ್ಚುಮಾಡಿಸುವುದು ಶ್ರುತಕ್ಕೆ ಅವಿನಯವೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಜೈನ ಸಮಾಜದಲ್ಲಿ ಪ್ರಬಲವಾಗಿತ್ತು. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ಧವಲಾ ತಾಡವೋಲೆಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಅವುಗಳನ್ನು ಪ್ರತಿಮಾಡುವ ಕಾರ್ಯ ಶತಮಾನದ ಕೊನೆಗೆ ಆರಂಭವಾಗಿ, ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಧವಲಾ ಕಾನೂನಿನ ಗ್ರಂಥವಲ್ಲ, ನಿಜ. ಆದರೆ ಗ್ರಂಥರಕ್ಷಣೆಯ ಆ ಮನೋಧರ್ಮವೇ ನೀತಿಗ್ರಂಥಗಳ ಮೇಲೂ ಕವಿದಿತ್ತು. ಹಸ್ತಪ್ರತಿಗಳನ್ನು ಉಳಿಸಿದ ಗೋಪ್ಯತೆಯೇ ನ್ಯಾಯಾಲಯದಲ್ಲಿ ಅವುಗಳ ಅಸ್ತಿತ್ವವನ್ನು ಮರೆಮಾಡಿತು.

ತುಳುನಾಡಿನ ಜೈನರ ಸ್ಥಿತಿ ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಅಲ್ಲಿನ ಇಂದ್ರರು, ಅಂದರೆ ಜೈನ ಪುರೋಹಿತರು, ಮಕ್ಕಳ ಸಂತಾನವನ್ನು ಅನುಸರಿಸಿದರೆ, ಉಳಿದ ಜೈನರು ಬಂಟರಂತೆ ಅಳಿಯಸಂತಾನಕ್ಕೆ ಒಳಪಟ್ಟವರು. ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿಯುವ ಈ ವ್ಯವಸ್ಥೆಯಲ್ಲಿ ಪತಿಯ ಆಸ್ತಿಗೆ ವಿಧವೆ ವಾರಸುದಾರಳಾಗುವ ಪ್ರಶ್ನೆಯೇ ದಾಖೋ ಮೊಕದ್ದಮೆಯ ರೂಪದಲ್ಲಿ ಏಳುವುದಿಲ್ಲ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರಭಾಗವು ಬೊಂಬಾಯಿಗೆ ಸೇರಿ ದಕ್ಷಿಣಭಾಗವು ಮದ್ರಾಸಿನಲ್ಲಿ ಉಳಿದುದರಿಂದ ಒಂದೇ ಕರಾವಳಿಯ ಜೈನರು ಎರಡು ಹೈಕೋರ್ಟುಗಳ ಅಧೀನರಾದರು. ಮದ್ರಾಸ್ ಹೈಕೋರ್ಟು 1863ರ ಮುಂಡ ಚೆಟ್ಟಿ ಮೊಕದ್ದಮೆಯಲ್ಲಿ, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯ ಬಲವಂತವಾಗಿ ಪಾಲು ಕೇಳುವಂತಿಲ್ಲವೆಂದು ತೀರ್ಮಾನಿಸಿತು. ಅಲ್ಲಿಯೂ ಗ್ರಂಥದ ಪ್ರಶ್ನೆ ಬಿಡಲಿಲ್ಲ. ಭೂತಾಳಪಾಂಡ್ಯನ ಹೆಸರಿನ ಅಳಿಯಸಂತಾನದ ಕಟ್ಟುಕಟ್ಟಳೆಯನ್ನು ಪ್ರಮಾಣವೆಂದು ಮುಂದಿಟ್ಟಾಗ, ಸ್ವತಃ ನ್ಯಾಯಾಧೀಶನೂ ಸಂಸ್ಕೃತ ವಿದ್ವಾಂಸನೂ ಆಗಿದ್ದ ಎ.ಸಿ. ಬರ್ನೆಲ್ ಅದನ್ನು ಕೃತಕ ರಚನೆಯೆಂದು ತಳ್ಳಿಹಾಕಿದನು. ಗ್ರಂಥ ಕೃತಕವಾಗಿರಬಹುದು, ಅದು ಹೇಳುವ ಸಂತಾನಕ್ರಮವನ್ನು ಜನ ಬದುಕಿದ್ದರು. ನ್ಯಾಯಾಲಯದ ಕಣ್ಣಿಗೆ ಬೀಳಲು ಬದುಕಿಗೂ ಒಂದು ಗ್ರಂಥ ಬೇಕಾಯಿತೆಂಬುದು ಆ ಕಾಲದ ಒತ್ತಡವನ್ನು ತೋರಿಸುತ್ತದೆ.

1878ರ ತೀರ್ಪುಗಳ ಮರುವರ್ಷವೇ ಹರ್ಮನ್ ಯಾಕೋಬಿ ಕಲ್ಪಸೂತ್ರದ ಸಂಪಾದನೆಯನ್ನು ಪ್ರಕಟಿಸಿದರು. ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲ, ಸ್ವತಂತ್ರವಾದ ಪ್ರಾಚೀನ ಧರ್ಮವೆಂಬ ಅವರ ಪ್ರತಿಪಾದನೆ ವಿದ್ವತ್‌ಲೋಕದಲ್ಲಿ ಬೇಗನೆ ನೆಲೆಗೊಂಡಿತು. 1889ರಲ್ಲಿ ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಕನ್ನಡನಾಡಿನ ಜೈನಚರಿತ್ರೆಗೆ ಕಲ್ಲಿನ ಸಾಕ್ಷ್ಯ ಒದಗಿತು. ಚರಿತ್ರೆಯ ತಪ್ಪು ತಿದ್ದಿತು, ಆದರೆ ಆ ತಪ್ಪಿನ ಮೇಲೆ ನಿಂತ ತೀರ್ಪುಗಳು ನಿಂತೇ ಇದ್ದವು. ಇಪ್ಪತ್ತನೆಯ ಶತಮಾನದ ಜೈನ ವಕೀಲರು ಇದನ್ನು ಎದುರಿಸಲು ಗ್ರಂಥಗಳತ್ತ ತಿರುಗಿದರು. ಜಗಮಂದರಲಾಲ್ ಜೈನಿ 1916ರಲ್ಲಿ ಭದ್ರಬಾಹು ಸಂಹಿತೆಯ ದಾಯಭಾಗವನ್ನು ಅನುವಾದದೊಡನೆ ಪ್ರಕಟಿಸಿದರು. ಹರಿಸಿಂಗ್ ಗೌರ್ ಅವರ 'ಹಿಂದೂ ಕೋಡ್' ಜೈನರನ್ನು ಹಿಂದೂಗಳಿಂದ ಸಿಡಿದವರೆಂದು ಕರೆದುದಕ್ಕೆ ಪ್ರತಿಭಟಿಸಿದ ಬ್ಯಾರಿಸ್ಟರ್ ಚಂಪತ್‌ರಾಯ್ ಜೈನ್ 1926ರಲ್ಲಿ ಹಲವು ನೀತಿಗ್ರಂಥಗಳನ್ನು ಕ್ರೋಡೀಕರಿಸಿ ಜೈನ ಕಾನೂನಿನ ಒಂದು ಸಂಹಿತೆಯನ್ನೇ ಹೊರತಂದರು.

ಇದೇ ಅವಧಿಯಲ್ಲಿ ಜೈನ ವಿದ್ವತ್ತಿನ ಒಳಗಿನಿಂದಲೇ ಇನ್ನೊಂದು ದನಿ ಎದ್ದಿತು. ಪಂಡಿತ ಜುಗಲಕಿಶೋರ ಮುಖ್ತಾರರು ತಮ್ಮ 'ಗ್ರಂಥಪರೀಕ್ಷಾ' ಮಾಲೆಯಲ್ಲಿ ಭದ್ರಬಾಹು ಸಂಹಿತೆಯನ್ನು ಪರೀಕ್ಷಿಸಿ, ಅದು ಶ್ರುತಕೇವಲಿ ಭದ್ರಬಾಹುವಿನ ಕೃತಿಯಲ್ಲ, ಬಹು ಈಚಿನ ಸಂಕಲನವೆಂದು ನಿರ್ಣಯಿಸಿದರು. ನ್ಯಾಯಾಲಯಕ್ಕೆ ಪ್ರಾಚೀನ ಗ್ರಂಥ ಬೇಕಿತ್ತು. ವಿದ್ವಾಂಸನಿಗೆ ಸತ್ಯ ಬೇಕಿತ್ತು. ಸಮುದಾಯದ ಹಿತ ಒಂದೆಡೆ ಎಳೆಯುತ್ತಿದ್ದಾಗಲೂ ಪಾಠಪರೀಕ್ಷೆಯ ಕಟ್ಟುನಿಟ್ಟನ್ನು ಬಿಡದ ಮುಖ್ತಾರರ ನಿಲುವು ಸಂಶೋಧಕರಿಗೆ ಇಂದಿಗೂ ಮಾದರಿ. ಅದಲ್ಲದೆ, ಒಂದೇ ಸಂಹಿತೆಯನ್ನು ಎಲ್ಲ ಜೈನರ ಕಾನೂನೆಂದು ಒಪ್ಪಿದ್ದರೆ ತುಳುನಾಡಿನ ಅಳಿಯಸಂತಾನದ ಜೈನರ ಸ್ಥಾನವೇನಾಗುತ್ತಿತ್ತು? ಮಿತಾಕ್ಷರವು ಜೈನರಿಗೆ ಮಾಡಿದ್ದನ್ನೇ ಆ ಸಂಹಿತೆಯು ಅವರಿಗೆ ಮಾಡುವ ಅಪಾಯವಿತ್ತು.

1927ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಗಟ್ಟೆಪ್ಪ ಮತ್ತು ಈರಮ್ಮ ಎಂಬವರ ಮೊಕದ್ದಮೆಯು ಇಡೀ ಪ್ರಸಂಗದ ಸಾರವನ್ನು ಹಿಡಿದಿಟ್ಟಿದೆ. ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು: ಪ್ರಶ್ನೆ ಹೊಸದಾಗಿ ತಮ್ಮ ಮುಂದೆ ಬಂದಿದ್ದರೆ, ಜೈನರು ಹಿಂದೂಗಳಿಂದ ಸಿಡಿದವರಲ್ಲ, ಜೈನಧರ್ಮದ ಉಗಮ ಮತ್ತು ಚರಿತ್ರೆ ಸ್ಮೃತಿಗಳಿಗಿಂತಲೂ ವ್ಯಾಖ್ಯಾನಗಳಿಗಿಂತಲೂ ಬಹು ಹಿಂದಿನವೆಂದು ಆಧುನಿಕ ಸಂಶೋಧನೆ ತೋರಿಸಿದೆಯೆಂದೇ ತಾವು ಹೇಳುತ್ತಿದ್ದಿರಬಹುದು. ಆದರೆ ಪ್ರಶ್ನೆ ಹೊಸದಾಗಿರಲಿಲ್ಲ. ಹಿಂದಿನ ತೀರ್ಪುಗಳ ಸಾಲು ಎದುರಿಗಿತ್ತು. ಅವರು ಅದನ್ನೇ ಅನುಸರಿಸಿದರು. ಚರಿತ್ರೆ ಬದಲಾದುದನ್ನು ಬಲ್ಲ ನ್ಯಾಯಾಧೀಶನೂ ಅಚ್ಚಾದ ನಿರ್ಣಯಕ್ಕೆ ತಲೆಬಾಗಬೇಕಾದುದು ಸುಧಾರಿತ ವ್ಯವಸ್ಥೆಯ ಶಕ್ತಿಯೂ ಹೌದು, ಮಿತಿಯೂ ಹೌದು.

ಕನ್ನಡದ ಅಧ್ಯಯನಕಾರರು ಇಲ್ಲಿ ಅತ್ತಿಮಬ್ಬೆಯನ್ನು ನೆನೆಯುವುದು ಸಹಜ. ಪತಿ ನಾಗದೇವನ ಮರಣಾನಂತರ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಆ ದಾನಚಿಂತಾಮಣಿಯ ಕೈಯಲ್ಲಿ ಸಂಪತ್ತು ಇತ್ತು, ಅದನ್ನು ವಿನಿಯೋಗಿಸುವ ಸ್ವಾತಂತ್ರ್ಯವೂ ಇತ್ತು. ಆದರೆ ರಾಜಮನ್ನಣೆ ಪಡೆದ ದಂಡನಾಯಕ ಮನೆತನದ ಒಬ್ಬ ಮಹಿಳೆಯ ದಾನದಿಂದ ಎಲ್ಲ ಜೈನ ವಿಧವೆಯರ ದಾಯಹಕ್ಕನ್ನು ಊಹಿಸುವುದು ಶಾಸ್ತ್ರೀಯ ಕ್ರಮವಲ್ಲ. ದಾನಶಾಸನಗಳು ಕೊಟ್ಟ ಕೈಯನ್ನು ತೋರಿಸುತ್ತವೆ. ಆ ಕೈಗೆ ಆಸ್ತಿ ಯಾವ ಹಕ್ಕಿನಿಂದ ಬಂತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಈ ದೃಷ್ಟಿಯಿಂದ, ವಸಾಹತು ಕಾಲದ ತೀರ್ಪುಗಳ ವರದಿಗಳು, ಅವುಗಳ ತೀರ್ಮಾನ ಒಪ್ಪಿಗೆಯಾಗದಿದ್ದಾಗಲೂ, ಜೈನ ಗೃಹಸ್ಥಜೀವನದ ಅಮೂಲ್ಯ ದಾಖಲೆಗಳು. ಪುರಾಣ, ಶ್ರಾವಕಾಚಾರಗಳು ಹೇಳದೆ ಬಿಟ್ಟ ಸಂಗತಿಗಳು ಅಲ್ಲಿ ವ್ಯಾಜ್ಯದ ನೆಪದಲ್ಲಿ ಬರೆಹಕ್ಕೆ ಬಂದಿವೆ.

ಸ್ವಾತಂತ್ರ್ಯಾನಂತರ ಈ ಕಥೆ ಅನಿರೀಕ್ಷಿತ ತಿರುವು ಪಡೆಯಿತು. ಮದ್ರಾಸಿನ 1949ರ ಅಳಿಯಸಂತಾನ ಕಾಯಿದೆಯು ಕುಟುಂಬದ ಕವರುಗಳಿಗೆ ಪಾಲಿನ ಹಕ್ಕು ಕೊಟ್ಟಿತು. 1955-56ರ ಹಿಂದೂ ಕಾಯಿದೆಗಳು ಬೌದ್ಧ, ಸಿಖ್ಖರೊಂದಿಗೆ ಜೈನರಿಗೂ ಅನ್ವಯವಾದವು. ಪ್ರತ್ಯೇಕ ಸಂಹಿತೆಗಾಗಿ ಚಂಪತ್‌ರಾಯರು ನಡೆಸಿದ ಪ್ರಯತ್ನ ಫಲಿಸಲಿಲ್ಲ. ಆದರೆ ಆ ಕಾಯಿದೆಗಳ ಒಳಗೆ ಏನಿದೆಯೆಂಬುದನ್ನು ನೋಡಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಸ್ವಾಧೀನದ ಆಸ್ತಿಯಲ್ಲಿ ಆಕೆಗೆ ಪೂರ್ಣ ಒಡೆತನ ಕೊಟ್ಟು ಹಳೆಯ ಪರಿಮಿತ ಹಕ್ಕನ್ನು ಕೊನೆಗೊಳಿಸಿತು. ಅದೇ ವರ್ಷದ ದತ್ತಕ ಕಾಯಿದೆಯ ಪ್ರಕಾರ ವಿಧವೆಯು ಯಾರ ಅನುಮತಿಯೂ ಇಲ್ಲದೆ ಸ್ವಂತ ಅಧಿಕಾರದಿಂದ ದತ್ತಕ ತೆಗೆದುಕೊಳ್ಳಬಲ್ಲಳು. 1878ರಲ್ಲಿ ದಾಖೋ ಸಾಕ್ಷಿಗಳನ್ನು ಕರೆಸಿ, ಅಪವಾದವೆಂದು ಸಾಬೀತುಮಾಡಿ ಪಡೆದ ಹಕ್ಕುಗಳೇ ಇವು. ಜೈನರು ಹಿಂದೂ ಕಾನೂನಿನ ಒಳಗೆ ಉಳಿದರು. ಅವರ ವಿಧವೆಯರ ರೂಢಿಯಲ್ಲಿ ಅಪವಾದವಾಗಿದ್ದುದು, ಎಪ್ಪತ್ತೆಂಟು ವರ್ಷಗಳ ತರುವಾಯ, ಆ ಕಾನೂನಿನ ಸಾಮಾನ್ಯ ನಿಯಮವಾಯಿತು.